ನೆಲದ ಮೇಲಿಟ್ಟ ಕತ್ತಿ

ಚೀನಾಕ್ಕೆ ಹೋಗಿ ಬಂದಾಗಿನಿಂದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ: ಅಲ್ಲಿ ಹಾವು ತಿಂದಿರೋ, ಕಪ್ಪೆ ತಿಂದಿರೋ? ಎರಡನ್ನೂ ತಿನ್ನಲಿಲ್ಲ. ಅಲ್ಲಿ ನಾನು ನುಂಗಿದ್ದು ಹೆಚ್ಚಾಗಿ ಸಿಟ್ಟನ್ನು, ಅದನ್ನೂ ಕೊನೆಯವರೆಗೆ ನುಂಗಲಾಗಲಿಲ್ಲ. ಇದನ್ನು ಹೇಳಲು ಹೋದರೆ ಯಾರಿಗೂ ಕೇಳುವ ಪುರುಸೊತ್ತಿಲ್ಲ. ಆ ದೊಡ್ಡ ಗೋಡೆ ಎಷ್ಟು ಉದ್ದ ಇದೆ ಎಂದು ವಿಚಾರಿಸುತ್ತಾರೆ. ಗೋಡೆ ಉದ್ದವೇ ಇದೆ. ನಾನು ಗೋಡೆ ನೋಡಲು ಹೋದವಳಲ್ಲ.

ನಾನು ಹೋದದ್ದು ಕತ್ತಿ ಹಿಡಿಯುವುದನ್ನು ಕಲಿಯಲು. ಚಿಕ್ಕೋಡಿ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಟೀಚರು. ತೊಂಬತ್ತನೇ ಇಸವಿಯ ಆಚೀಚೆ ಚಿಕ್ಕೋಡಿಯಲ್ಲಿ ಭಾನುವಾರ ಬೆಳಿಗ್ಗೆ ತಾಯ್ ಚಿ ವರ್ಗ ಶುರುವಾಯಿತು. ತಾಯ್ ಚಿ ಎಂದರೆ ಮೊಣಕಾಲುದ್ದ ನೀರಿನಲ್ಲಿ ಯಾರೋ ನಡೆಯುತ್ತಿರುವಂತೆ ಕಾಣುವ ನಿಧಾನದ ಕಸರತ್ತು. ಮೂಲದಲ್ಲಿ ಅದು ಚೀನೀಯರ ಯುದ್ಧವಿದ್ಯೆ. ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಕೊಲ್ಹಾಪುರದ ಮಾಸ್ತರು. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದಲೂ ಮೊದಲ ಬಸ್ಸಿಗೆ ಜನ ಬರುತ್ತಿದ್ದರು. ನಾನು ಮನೆಯ ಮಾಳಿಗೆಯ ಮೇಲೆ ಅಭ್ಯಾಸ ಮಾಡುವಾಗ ಓಣಿಯ ಹೆಂಗಸರು ಬಾಯಾರಿಗೆ, ಎಂದರೆ ಟೀಚರಿಗೆ, ವಾಯು ಹಿಡಿದಿದೆ ಎಂದು ಮಾತಾಡಿಕೊಂಡದ್ದೂ ಉಂಟು.

ಮಾಸ್ತರು ಕಲಿಸುತ್ತಿದ್ದುದು ಬರಿಗೈಯ ವಿದ್ಯೆ ಮಾತ್ರ. ಕತ್ತಿ, ಕೋಲು, ಭರ್ಜಿಗಳನ್ನು ಬಲ್ಲವರ ಬಳಿಯೇ ಕಲಿಯಬೇಕು ಎನ್ನುತ್ತಿದ್ದರು. ಚೀನಾದ ಒಬ್ಬ ಗುರುಗಳಿಗೆ ಪತ್ರ ಬರೆದು ಅವರೇ ಎಲ್ಲ ಗೊತ್ತು ಮಾಡಿದರು. ಹೊರಡುವ ಮುಂಚೆ ಅವರಿಗೆ ಎದೆನೋವು ಬಂತು. ಆಗ ತಂಡದ ಯಜಮಾನಿಕೆ ತಾನಾಗಿಯೇ ಬಾಳಾಸಾಹೇಬರ ಹೆಗಲೇರಿತು. ಬಾಳಾಸಾಹೇಬರು ನಿಪ್ಪಾಣಿಯ ತಂಬಾಕಿನ ವ್ಯಾಪಾರಿ, ಇಂಗ್ಲಿಷು ಚೆನ್ನಾಗಿ ಬರುತ್ತದೆ, ಯಜಮಾನಿಕೆ ಅದಕ್ಕಿಂತ ಚೆನ್ನಾಗಿ ಬರುತ್ತದೆ. ಅವರು, ಅಥಣಿಯ ದ್ರಾಕ್ಷಿ ತೋಟದ ಮನೆಯ ಶಾಂತಾಬಾಯಿ, ನಾನು, ಉಳಿದ ಊರುಗಳಿಂದ ಮೂವರು ಗಂಡಸರು, ಹೀಗೆ ಆರು ಜನ ಮುಂಬಯಿಯಲ್ಲಿ ವಿಮಾನ ಹತ್ತಿದೆವು.

ಬೀಜಿಂಗ್: ಚಪ್ಪಲಿ ಹೋದವು

ಬೀಜಿಂಗಿನ ಮೊದಲ ಬೆಳಿಗ್ಗೆ ದುಭಾಷಿ ಚಾಂಗ್ ನಮ್ಮನ್ನು ದೊಡ್ಡ ಉದ್ಯಾನಕ್ಕೆ ಕರೆದೊಯ್ದ. ಕಡ್ಡಿಯಂಥ ಮನುಷ್ಯ, ಪುಸ್ತಕ ಓದಿ ಕಲಿತ ಇಂಗ್ಲಿಷು. ಉದ್ಯಾನದಲ್ಲಿ ಮರಕ್ಕೊಂದು ಗುಂಪು. ಒಂದು ಕಡೆ ಯಾಂಗ್ ಪದ್ಧತಿಯವರು, ನಿದ್ದೆಯಲ್ಲಿ ತೇಲುವಷ್ಟು ನಿಧಾನ. ಇನ್ನೊಂದು ಕಡೆ ಚೆನ್ ಪದ್ಧತಿಯವರು; ಅವರು ನಿಧಾನವಾಗಿ ಸುತ್ತಿ ಸುತ್ತಿ ಬಂದು ಒಮ್ಮೆಲೇ ನೆಲಕ್ಕೆ ಕಾಲು ಅಪ್ಪಳಿಸುತ್ತಾರೆ, ಹಕ್ಕಿಗಳು ಹಾರಿಹೋಗಬೇಕು. ಬೀಸಣಿಗೆಯವರದೊಂದು ಸಾಲು, ಎಲ್ಲ ಬೀಸಣಿಗೆಗಳೂ ಒಟ್ಟಿಗೆ ಪಟ್ಟೆಂದು ಬಿಚ್ಚಿಕೊಳ್ಳುತ್ತವೆ.

ನಾನು ಕಣ್ಣು ಕೀಳದೆ ನೋಡಿದ್ದು ಕತ್ತಿ ಹಿಡಿದ ಅಜ್ಜಿಯರನ್ನು. ಒಬ್ಬಳೂ ಅರವತ್ತಕ್ಕೆ ಕಡಿಮೆ ಇರಲಿಕ್ಕಿಲ್ಲ. ನೆಟ್ಟಗಿನ, ಎರಡು ಅಲುಗಿನ ಕತ್ತಿ, ಹಿಡಿಕೆಗೆ ಕೆಂಪು ಗೊಂಡೆ. ಕತ್ತಿಯನ್ನು ಮೊದಲು ಎಡಗೈಯಲ್ಲಿ ಮುಂಗೈಯ ಹಿಂದೆ ಅಡಗಿಸಿ ಹಿಡಿದು, ಹೊತ್ತು ನೋಡಿ ಬಲಗೈಗೆ ದಾಟಿಸುತ್ತಾರೆ. ಎಡಗೈಯಲ್ಲಿ ಆಯುಧ ಎಂದು ಶಾಂತಾಬಾಯಿ ಬಾಯಿಯ ಮೇಲೆ ಸೆರಗು ಇಟ್ಟುಕೊಂಡರು. ಆಟ ಮುಗಿದ ಮೇಲೆ ಅಜ್ಜಿಯರು ಕತ್ತಿಯನ್ನು ಕಾಯಿಪಲ್ಯದ ಚೀಲದಲ್ಲಿ ಈರುಳ್ಳಿ ಸೊಪ್ಪಿನ ಪಕ್ಕ ತೂರಿಸಿ ಬಸ್ಸು ಹಿಡಿದು ಹೋದರು. ನಿಪ್ಪಾಣಿ ಸಂತೆಗೆ ಒಬ್ಬ ಹೆಂಗಸು ಹಾಗೆ ಹೋದರೆ ಪೊಲೀಸರು ಬರುತ್ತಾರೆ, ಪೊಲೀಸರಿಗಿಂತ ಮೊದಲು ಅತ್ತೆ ಬರುತ್ತಾಳೆ.

ನಾವೂ ಒಂದು ಮರದ ಕೆಳಗೆ ನಿಂತೆವು. ನಮ್ಮ ಕಡೆ ಕುಸ್ತಿಯ ತಾಲೀಮಿಗೆ, ಎಂದರೆ ಗರಡಿಮನೆಗೆ, ಹೋದವರು ಚಪ್ಪಲಿ ಹೊರಗೆ ಬಿಟ್ಟು, ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಕಾಲಿಡುತ್ತಾರೆ. ಅದೇ ರೂಢಿಯಲ್ಲಿ ಆರೂ ಜನ ಚಪ್ಪಲಿ ಕಳಚಿ ಹಾದಿಯ ಅಂಚಿನಲ್ಲಿ ಸಾಲಾಗಿ ಬಿಟ್ಟೆವು. ಕಸರತ್ತು ಮುಗಿಸಿ ನೋಡಿದರೆ ಚಪ್ಪಲಿ ಇಲ್ಲ. ಕಸ ಗುಡಿಸುವ ಹೆಂಗಸು ಯಾರೋ ಎಸೆದು ಹೋದದ್ದು ಎಂದು ಎಲ್ಲವನ್ನೂ ಗಾಡಿಗೆ ತುಂಬಿಕೊಂಡು ಹೋಗಿದ್ದಳು. ಅಲ್ಲಿಯವರು ಬೂಟು ಹಾಕಿಕೊಂಡೇ ಆಡುತ್ತಾರೆ. ಬರಿಗಾಲಲ್ಲಿ ನಿಂತ ನಮ್ಮನ್ನು ನೋಡಿ ಪಾಪ, ಬಡವರು ಅಂದುಕೊಂಡಿರಬೇಕು.

ಬಾಳಾಸಾಹೇಬರ ಚಪ್ಪಲಿ ಕೊಲ್ಹಾಪುರದಲ್ಲಿ ಅಳತೆ ಕೊಟ್ಟು ಮಾಡಿಸಿದ್ದು, ನಡೆದರೆ ಕರ್ ಕರ್ ಅನ್ನುವಂಥದ್ದು. ಅವರು ಉದ್ಯಾನದ ಕಚೇರಿಗೆ ಹೋಗಿ ಮೇಜು ಕುಟ್ಟಿದರು. ಭಾರತದ ಮರ್ಯಾದೆಯ ಪ್ರಶ್ನೆ ಎಂದರು. ಕೊನೆಗೆ ಎಲ್ಲರೂ ಬರಿಗಾಲಲ್ಲಿ ಅಂಗಡಿಗೆ ನಡೆದು ಕಪ್ಪು ಬಟ್ಟೆಯ ಬೂಟು ಕೊಂಡೆವು. ಒಂದು ಜೊತೆ ಚಪ್ಪಲಿಗೆ ಇಷ್ಟು ಸಿಟ್ಟು ಬರುವ ಮನುಷ್ಯನಿಗೆ ಉಳಿದವರ ಸಿಟ್ಟೂ ತಿಳಿದೀತು ಎಂದು ನಾನು ನಂಬಿಕೊಂಡೆ.

ರೈಲಿನಲ್ಲಿ

ಬೀಜಿಂಗಿನಿಂದ ಹಳದಿ ನದಿಯ ಕಡೆಗೆ ರೈಲು. ಚೀನೀಯರಿಗೆ ತಣ್ಣೀರು ಎಂದರೆ ಏನು ಹಗೆಯೋ ತಿಳಿಯದು. ರೈಲಿನ ಡಬ್ಬಿಡಬ್ಬಿಯಲ್ಲೂ ಕುದಿಯುವ ನೀರು. ಕುಡಿಯಲು ನೀರು ಕೇಳಿದರೆ ಹಬೆಯಾಡುವ ಲೋಟ ಕೈಗಿಡುತ್ತಾರೆ. ಶಾಂತಾಬಾಯಿ ಎರಡು ಲೋಟಗಳಲ್ಲಿ ನೀರನ್ನು ಎತ್ತಿ ಎತ್ತಿ ಹೊಯ್ದು ಆರಿಸುವುದನ್ನು ನೋಡಲು ಡಬ್ಬಿಯ ಜನವೆಲ್ಲ ನೆರೆಯಿತು. ಊಟದಲ್ಲಿ ಸೊಪ್ಪಿನ ಪಲ್ಯ ಎಂದು ಬಂದದ್ದರಲ್ಲಿ ಹಂದಿಯ ಮಾಂಸದ ಚೂರುಗಳು ಸಿಕ್ಕಿದ್ದರಿಂದ ಆಕೆ ಶೇಂಗಾ ಚಟ್ನಿ ಮತ್ತು ಗರಿಗರಿ ಕಟಕ ರೊಟ್ಟಿಯ ಗಂಟು ಬಿಚ್ಚಿದರು. ನನಗೂ ಕೊಟ್ಟರು, ಚಾಂಗನಿಗೂ ಕೊಟ್ಟರು. ಚಟ್ನಿಯ ಖಾರಕ್ಕೆ ಚಾಂಗ್ ಆ ಕುದಿಯುವ ನೀರನ್ನೇ ಕುಡಿದ.

ಆಗ ಬಾಳಾಸಾಹೇಬರು ಹಂಚಿಕೆ ಹೇಳಿದರು. ಗಂಡಸರು ನಾಲ್ವರೂ ಕತ್ತಿ ಕಲಿಯುವುದು, ಹೆಣ್ಣುಮಕ್ಕಳಿಬ್ಬರು ಬೀಸಣಿಗೆ. ಗುರುಗಳಿಗೆ ಚಾಂಗನ ಕೈಯಿಂದ ಫೋನು ಮಾಡಿಸಿಯೂ ಆಗಿತ್ತು. ನಾನು ಬಂದದ್ದೇ ಕತ್ತಿಗೆ, ಮಾಸ್ತರಿಗೆ ಅದು ಗೊತ್ತು ಎಂದೆ. ಬಾಳಾಸಾಹೇಬರು ಸಣ್ಣ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದರು:

“ತಲವಾರ ಹಿಡಿಯೂದು ಹಗರ ಅಲ್ರಿ ಬಾಯಾರ. ಅದು ಮನೆತನದಾಗ ಇರಬೇಕಾಗ್ತೈತಿ.”

ಈ ಮಾತು ಯಾಕೆ ನನಗೆ ನೆತ್ತಿಗೇರಿತು ಎಂದು ಹೇಳಬೇಕು. ಬಾಳಾಸಾಹೇಬರದೂ ನನ್ನದೂ ಹುಟ್ಟೂರು ಒಂದೇ, ದೂಧಗಂಗಾ ನದಿಯ ದಂಡೆಯದು. ಊರ ನಡುವಿನ ತಾಲೀಮು ಅವರ ಅಜ್ಜ ಕಟ್ಟಿಸಿದ್ದು. ಕುಸ್ತಿಯ ಜೊತೆಗೆ ದಾಂಡಪಟ್ಟಾ ಎಂಬ ಉದ್ದ ಅಲುಗಿನ ವರಸೆ, ಲಾಠಿ, ಕತ್ತಿ ಎಲ್ಲ ಆಡುತ್ತಿದ್ದರು. ಆ ತಾಲೀಮಿನ ಕಣಕ್ಕೆ ಕೆಂಪು ಮಣ್ಣು ಹೊತ್ತು ತರುತ್ತಿದ್ದವನು ನಮ್ಮಪ್ಪ. ಬುಟ್ಟಿಯನ್ನು ಬಾಗಿಲಲ್ಲಿ ಇಳಿಸಬೇಕು. ಮಣ್ಣು ಒಳಗೆ ಹೋಗುತ್ತಿತ್ತು, ಅಪ್ಪ ಹೊರಗೆ ಉಳಿಯುತ್ತಿದ್ದ. ಖಂಡೇನವಮಿಯ ದಿನ ಆಯುಧಗಳನ್ನು ತೊಳೆದು ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರು. ಪೂಜೆ ಮುಗಿದ ಮೇಲೆ ಅಪ್ಪನ ಪಾಲಿನ ಕಾಯಿ-ಬೆಲ್ಲವನ್ನು ಹೊಸ್ತಿಲಾಚೆ ನೆಲದ ಮೇಲೆ ಇಡುತ್ತಿದ್ದರು. ಇಟ್ಟವರು ಹಿಂದೆ ಸರಿದು ನಿಂತ ಮೇಲೆ ಅಪ್ಪ ಬಗ್ಗಿ ಎತ್ತಿಕೊಳ್ಳಬೇಕು. ಅಪ್ಪನ ಬೆನ್ನ ಹಿಂದೆ ನಿಂತು ನಾನು ಒಳಗಿನ ಕತ್ತಿಗಳನ್ನು ನೋಡುತ್ತಿದ್ದೆ. ಮುಂದೆ ನಾವು ಬೌದ್ಧರಾದೆವು, ಅಪ್ಪ ಮಣ್ಣು ಹೊರುವುದನ್ನು ಬಿಟ್ಟ. ಅವನು ತೀರಿಕೊಂಡು ಬಹಳ ವರ್ಷವಾಯಿತು. ಆ ಕತ್ತಿ ಮಾತ್ರ ನನ್ನ ಕಣ್ಣಿನಿಂದ ಹೋಗಲಿಲ್ಲ.

ಮನೆತನದಲ್ಲಿ ಇರಬೇಕಂತೆ. ನನ್ನ ಮನೆತನಕ್ಕೆ ತಾಲೀಮಿನ ಹೊಸ್ತಿಲು ದಾಟಲು ಬಿಡದವರು ಯಾರು ಎಂದು ಕೇಳಬೇಕಾಗಿತ್ತು. ಶಾಂತಾಬಾಯಿ ಪಕ್ಕದಿಂದ ನನ್ನ ಕೈ ಒತ್ತಿದರು. ಬೀಸಣಿಗೆಯೂ ಚಂದ ಇರುತ್ತದೆ, ಪರದೇಶದಲ್ಲಿ ಜಗಳ ಬೇಡ ಎಂದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಹಳ್ಳಿ: ಬೀಸಣಿಗೆ

ಹಳ್ಳಿ ನಮ್ಮದರಂತೆಯೇ. ರಾಯಬಾಗದ ಕಡೆ ರಸ್ತೆಯ ಮೇಲೆ ರಾಶಿ ಹರವುವಂತೆ ಅಲ್ಲಿಯೂ ಡಾಂಬರಿನ ಮೇಲೆ ಮೆಕ್ಕೆಜೋಳ ಒಣಹಾಕಿದ್ದರು, ಅದರ ಮೇಲೆಯೇ ನಮ್ಮ ಬಸ್ಸು ಹೋಯಿತು. ಗುರುಗಳ ಹೆಸರು ಲಿಯು. ಅವರು ಹೆಂಗಸು ಎಂದು ನಮ್ಮ ಮಾಸ್ತರು ಹೇಳಿಯೇ ಇರಲಿಲ್ಲ, ಅವರಿಗೆ ಅದು ಹೇಳುವ ವಿಷಯ ಅನ್ನಿಸಿರಲಿಕ್ಕಿಲ್ಲ. ಕುಳ್ಳಗೆ, ಗಟ್ಟಿಮುಟ್ಟಾಗಿ, ಕೂದಲು ಕತ್ತರಿಸಿಕೊಂಡ ಮುದುಕಿ. ಬಾಳಾಸಾಹೇಬರ ಮುಖ ಅವತ್ತು ನೋಡಬೇಕಾಗಿತ್ತು. ಮುದುಕಿಯ ಕೈಕೆಳಗೆ ಕತ್ತಿ ಕಲಿಯಬಹುದು, ಪಕ್ಕದ ಸಾಲಿನಲ್ಲಿ ನಾನು ಮಾತ್ರ ನಿಲ್ಲಬಾರದು.

ನಮಗಿಬ್ಬರಿಗೆ ಬೀಸಣಿಗೆ ಕಲಿಸಲು ಗುರುಗಳ ಸೊಸೆ ಬಂದಳು. ಬೀಸಣಿಗೆಯ ಮೇಲೆ ನನಗೇನೂ ಹಗೆಯಿಲ್ಲ. ಅದರ ಕಡ್ಡಿಗಳು ಕಬ್ಬಿಣದವು, ಮಡಿಸಿದರೆ ಬಡಿಗೆ, ಬಿಚ್ಚಿದರೆ ಗುರಾಣಿ. ಶಾಂತಾಬಾಯಿ ಅದನ್ನು ಬಿಚ್ಚುವ ಹದ ಬಲುಬೇಗ ಹಿಡಿದು ಹುಡುಗಿಯಂತೆ ನಕ್ಕರು. ನನಗೆ ನಗು ಬರಲಿಲ್ಲ. ಒಲೆಗೆ ಬೀಸಿ, ಕೂಸಿಗೆ ಬೀಸಿ, ಕರೆಂಟು ಹೋದಾಗ ಮಾವನವರಿಗೆ ಬೀಸಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಸಮುದ್ರ ದಾಟಿ ಬಂದು ಮತ್ತೆ ಬೀಸಬೇಕೇ?

ಗೋಡೆಯ ಆಚೆಯ ಅಂಗಳದಲ್ಲಿ ಗಂಡಸರು ಕತ್ತಿ ಕಲಿಯುತ್ತಿದ್ದರು. ಆಗಾಗ ಗುರುಗಳ ಬೈಗುಳ ಕೇಳುತ್ತಿತ್ತು. ಆ ಬೈಗುಳ ನನಗೆ ಸಿಗುತ್ತಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಒಂದು ಸಂಜೆ ಚಾಂಗನನ್ನು ಒಬ್ಬನನ್ನೇ ಹಿಡಿದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ: ನನಗೆ ಕತ್ತಿ ಯಾಕಿಲ್ಲ? ಚಾಂಗ್ ಗಾಬರಿಯಾದ. ಭಾರತದಲ್ಲಿ ಹೆಂಗಸರು ಆಯುಧ ಮುಟ್ಟುವುದು ಧರ್ಮಕ್ಕೆ ನಿಷಿದ್ಧ ಎಂದು ಬಾಳಾಸಾಹೇಬರು ಹೇಳಿದ್ದರಂತೆ. ನಮಗೆ ನೋವಾಗಬಾರದು ಎಂದು ಗುರುಗಳು ಅವರ ಮಾತನ್ನು ನಡೆಸಿಕೊಟ್ಟಿದ್ದರಂತೆ. ಕಿತ್ತೂರಿನ ರಾಣಿಯ ಜಿಲ್ಲೆಯವರು ನಾವು. ಬೆಳಗಾವಿಗೆ ಹೋದಾಗಲೆಲ್ಲ ಕುದುರೆ ಏರಿ ಕತ್ತಿ ಎತ್ತಿದ ಹೆಣ್ಣಿನ ಮೂರ್ತಿಯ ಕೆಳಗೇ ಬಸ್ಸು ಕಾಯುವವರು. ಯಾವ ಧರ್ಮ, ಯಾವ ನಿಷೇಧ? ನಾನು ಏನೇನು ಹೇಳಿದೆನೋ ನೆನಪಿಲ್ಲ, ಅರ್ಧ ಕನ್ನಡದಲ್ಲೇ ಹೇಳಿದೆ. ಚಾಂಗನಿಗೆ ಅರ್ಥವಾಯಿತು. ಗುರುಗಳ ಮನೆಗೆ ಹೋಗಿ ಬಂದು, ನಾಳೆಯಿಂದ ನಿಮಗೂ ಕತ್ತಿ ಎಂದ.

ಅಂಗಳ

ಬೆಳಿಗ್ಗೆ ಕತ್ತಿಯವರ ಸಾಲಿನ ತುದಿಯಲ್ಲಿ ನಿಂತೆ. ಬಾಳಾಸಾಹೇಬರು ನನ್ನನ್ನು ನೋಡಿಯೂ ನೋಡದಂತೆ ಇದ್ದರು. ಲಿಯು ಗುರುಗಳು ಕತ್ತಿ ಹಿಡಿದು ನೇರ ನನ್ನ ಎದುರಿಗೆ ಬಂದರು. ನಾನು ಎರಡೂ ಕೈ ಚಾಚಿದೆ. ನಮ್ಮಲ್ಲಿ ಆಯುಧವನ್ನು ಹಾಗೆಯೇ ಪಡೆದು ಕಣ್ಣಿಗೆ ಒತ್ತಿಕೊಳ್ಳುವುದು.

ಗುರುಗಳು ನನ್ನ ಕೈ ನೋಡಿದರು. ಕತ್ತಿಯನ್ನು ನನ್ನ ಕಾಲ ಮುಂದೆ ನೆಲದ ಮೇಲೆ ಇಟ್ಟರು. ಇಟ್ಟು ಹಿಂದೆ ಸರಿದು ನಿಂತರು.

ನನ್ನ ಚಾಚಿದ ಕೈ ಚಾಚಿದಂತೆಯೇ ಇತ್ತು. ಇಷ್ಟು ದೂರ, ಹೆಸರು ಕೇಳಿ ಜಾತಿ ತಿಳಿಯದ ದೇಶಕ್ಕೆ ಬಂದರೂ ಇದು ನನಗಿಂತ ಮುಂಚೆ ಬಂದು ಕೂತಿದೆ ಎಂದುಕೊಂಡೆ. ಬಾಳಾಸಾಹೇಬರ ಕಡೆ ತಿರುಗಿದೆ. ಅವರು ಮುಗಿಲು ನೋಡುತ್ತಿದ್ದರು. ಧರ್ಮದ ಸುಳ್ಳು ಹೇಳಿದವರು ನನ್ನ ಜಾತಿಯನ್ನು ಹೇಳದೆ ಬಿಟ್ಟಾರೆಯೇ? ನನಗೆ ಸಂಶಯವೇ ಉಳಿಯಲಿಲ್ಲ.

ನಾನು ಕತ್ತಿ ಎತ್ತಲಿಲ್ಲ. ಗೋಡೆಯ ಬದಿಗೆ ಹೋಗಿ ಕೂತೆ. ಗುರುಗಳೂ ಎತ್ತಲಿಲ್ಲ. ಉಳಿದವರ ಪಾಠ ನಡೆಯಿತು, ಕತ್ತಿ ಅಲ್ಲೇ ಬಿದ್ದಿತ್ತು. ಒಂದು ಕೋಳಿ ಅದನ್ನು ದಾಟಿಕೊಂಡು ಹೋಯಿತು. ಆಯುಧ ದಾಟಬಾರದು ಎಂದು ಕೋಳಿಗೂ ಹೇಳುವವರಿಲ್ಲದ ಊರು. ಅಳು ಬರುತ್ತಿತ್ತು, ಅಳಲಿಲ್ಲ. ನಾನು ಅಳುವುದನ್ನು ಬಾಳಾಸಾಹೇಬರು ನೋಡಬಾರದು.

ವಿರಾಮದಲ್ಲಿ ಚಾಂಗ್ ಬಂದು ಯಾಕೆ ಹೀಗೆ ಎಂದ. ಮೊದಲು ಹೇಳಬಾರದು ಅನ್ನಿಸಿತು. ಊರಿನ ಹುಣ್ಣನ್ನು ಪರದೇಶದವನಿಗೆ ಯಾಕೆ ತೋರಿಸಬೇಕು? ಆಮೇಲೆ, ಹುಣ್ಣು ನನ್ನದಲ್ಲ, ಮಾಡಿದವರದು, ನಾಚಿಕೆಯೂ ಅವರದೇ ಆಗಲಿ ಎಂದುಕೊಂಡು ಹೇಳಿದೆ. ಅಪ್ಪ, ಮಣ್ಣಿನ ಬುಟ್ಟಿ, ಹೊಸ್ತಿಲು, ನೆಲದ ಮೇಲಿನ ಕಾಯಿ-ಬೆಲ್ಲ. ನಮ್ಮಲ್ಲಿ ಮನುಷ್ಯನ ಮುಂದೆ ನೆಲದ ಮೇಲೆ ಇಟ್ಟು ಹಿಂದೆ ಸರಿದರೆ ಅದರ ಅರ್ಥ ಏನು ಎಂದು ಹೇಳಿದೆ. ಚಾಂಗ್ ಎದ್ದು ಹೋಗಿ ಗುರುಗಳಿಗೆ ಹೇಳಿದ.

ಮುದುಕಿ ಸರಸರನೆ ಬಂದಳು. ಬಂದವಳೇ ನನ್ನ ಕೈ ಹಿಡಿದು ಎಬ್ಬಿಸಿದಳು. ಆ ಹಿಡಿತ ಬಿಡಲಿಲ್ಲ. ಕೈ ಹಿಡಿದೇ ಅಂಗಳದ ನಡುವಿನವರೆಗೆ ನಡೆಸಿದಳು. ಚಾಂಗ್ ಪಕ್ಕದಲ್ಲಿ ಓಡುತ್ತ ಅವಳ ಮಾತು ಹೇಳುತ್ತಿದ್ದ. ಅವಳ ಮನೆಯಲ್ಲಿ ಕತ್ತಿಯನ್ನು ಯಾರಿಗೂ ಕೈಗೆ ಕೊಡುವುದಿಲ್ಲ. ನೆಲದಿಂದ ಎತ್ತುವುದೇ ಮೊದಲ ಪಾಠ. ಬೆನ್ನು ಬಗ್ಗಬಾರದು, ತಲೆ ತಗ್ಗಬಾರದು. ಒಂದು ಕಾಲು ಚಾಚಿ, ಸೊಂಟವನ್ನು ನೆಲದವರೆಗೆ ಇಳಿಸಿ, ಕಣ್ಣು ಎದುರಿಗಿಟ್ಟೇ ಎತ್ತಬೇಕು. ಅವಳಿಗೂ ಅವಳ ಅಪ್ಪ ಹಾಗೆಯೇ ಇಟ್ಟಿದ್ದನಂತೆ. ನಮ್ಮ ನಾಲ್ವರು ಗಂಡಸರಿಗೂ ಮೊದಲ ದಿನ ಹಾಗೆಯೇ ಇಟ್ಟಿದ್ದಳಂತೆ. ಗೋಡೆಯಾಚೆ ಇದ್ದ ನನಗೆ ಅದು ಕಾಣಿಸಿರಲಿಲ್ಲ. ಬಾಳಾಸಾಹೇಬರು ಬಿದ್ದ ನಾಣ್ಯ ಹೆಕ್ಕುವವರಂತೆ ನಡು ಬಗ್ಗಿಸುತ್ತಾರೆಂದು ಇನ್ನೂ ಅದೇ ಪಾಠದಲ್ಲಿದ್ದರು. ಆ ಬೈಗುಳಗಳೆಲ್ಲ ಅವರವು.

ನನ್ನ ಸಿಟ್ಟು ತಪ್ಪು ಬಾಗಿಲು ತಟ್ಟಿತ್ತು. ಆದರೆ ಸಿಟ್ಟೇ ತಪ್ಪಾಗಿರಲಿಲ್ಲ. ನೆಲದ ಮೇಲೆ ಇಟ್ಟ ಕತ್ತಿಯನ್ನು ಕಂಡು ವಿದ್ಯೆ ಎಂದುಕೊಳ್ಳದೆ ಅವಮಾನ ಎಂದುಕೊಳ್ಳುವ ಕಣ್ಣನ್ನು ನನಗೆ ಕೊಟ್ಟವರು ಯಾರು? ಚೀನಾದ ಮುದುಕಿಯಲ್ಲ.

ಎತ್ತುವುದು

ನನಗೂ ಆ ದಿನ ಎತ್ತಲಾಗಲಿಲ್ಲ. ಮೊಣಕಾಲು ಕಟಕಟ ಅಂದಿತು, ಕೂತುಬಿಟ್ಟೆ. ಗುರುಗಳು ನನ್ನನ್ನೂ ಬೈದರು. ಬೈಗುಳ ಸಿಕ್ಕಿತಲ್ಲ ಎಂದು ಖುಷಿಯಾಯಿತು. ಶಾಂತಾಬಾಯಿ ಸಂಜೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಮೊಣಕಾಲು ತಿಕ್ಕಿಕೊಟ್ಟರು. ಅಂಗಳದ ಸಂಗತಿ ಅವರಿಗೆ ಚಾಂಗನಿಂದ ತಿಳಿದಿತ್ತು. ತಮ್ಮ ತೋಟದಲ್ಲಿಯೂ ಕೂಲಿಯವರಿಗೆ ಚಹಾದ ಬಟ್ಟಲು ಬೇರೆ ಇಡುತ್ತಾರೆ, ತಾವೇ ಇಡುವುದು ಎಂದು ಎಣ್ಣೆ ತಿಕ್ಕುತ್ತಲೇ ಹೇಳಿದರು. ನಾನು ಇನ್ನೊಂದು ಮೊಣಕಾಲನ್ನು ಮುಂದೆ ಚಾಚಿದೆ. ಸಮಾಧಾನದ ಮಾತು ಹೇಳುವುದು ನನ್ನ ಕೆಲಸವಲ್ಲ.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಸೊಂಟ ಇಳಿಯಿತು. ಕಣ್ಣು ಎದುರಿನ ಗೋಡೆಯ ಮೇಲಿತ್ತು, ಬೆನ್ನು ನೆಟ್ಟಗಿತ್ತು, ಬೆರಳಿಗೆ ತಣ್ಣನೆಯ ಹಿಡಿಕೆ ಸಿಕ್ಕಿತು. ಎದ್ದು ನಿಂತಾಗ ಕತ್ತಿ ಕೈಯಲ್ಲಿತ್ತು. ಅದು ನಾನು ಅಂದುಕೊಂಡದ್ದಕ್ಕಿಂತ ಹಗುರ. ಕಣ್ಣಿಗೆ ಒತ್ತಿಕೊಂಡೆ. ಗುರುಗಳು ಅದನ್ನು ಬೇಡ ಅನ್ನಲಿಲ್ಲ. ಆಮೇಲೆ ಎಡಗೈ ಬೆರಳು ಹಿಡಿಯುವ ರೀತಿ, ಗೊಂಡೆ ಸಿಕ್ಕಿಕೊಳ್ಳದಂತೆ ತಿರುಗಿಸುವ ರೀತಿ, ಕಾಲು ಅಪ್ಪಳಿಸುವ ಹೊತ್ತು, ಒಂದೊಂದಾಗಿ ಬಂದವು. ಹೊರಡುವ ಹೊತ್ತಿಗೆ ಪೂರ್ತಿ ಆಟವನ್ನು ಒಬ್ಬಳೇ ಮುಗಿಸುತ್ತಿದ್ದೆ.

ಕೊನೆಯ ಬೆಳಿಗ್ಗೆ

ಹೊರಡುವ ದಿನ ಹಳ್ಳಿಯ ಜನರ ಎದುರು ನಮ್ಮ ಆಟ. ಗಂಡಸರು ಮೂವರು ಕೂಡಿ ಆಡಿದರು, ಶಾಂತಾಬಾಯಿ ಬೀಸಣಿಗೆ ಆಡಿ ಎಲ್ಲರ ಚಪ್ಪಾಳೆ ಗಿಟ್ಟಿಸಿಕೊಂಡರು. ಕತ್ತಿಯ ಪೂರ್ತಿ ಆಟ ಆಡಲು ಗುರುಗಳು ನನ್ನನ್ನು ಕರೆದರು. ಬಾಳಾಸಾಹೇಬರಿಗೆ ಬೆನ್ನು ಹಿಡಿದಿದೆ ಎಂದು ಹೇಳಲಾಯಿತು.

ಆಟ ಮುಗಿದ ಮೇಲೆ ಗುರುಗಳು ಆ ಕತ್ತಿ ನನಗೇ ಇರಲಿ ಎಂದರು. ಆಗ ಬಾಳಾಸಾಹೇಬರು ಬಂದರು. ಚಾಂಗನ ಕೈಗೆ ಕ್ಯಾಮೆರಾ ಕೊಟ್ಟು, ನನ್ನ ಪಕ್ಕ ನಿಂತು ಕೈ ಚಾಚಿದರು. ಊರಿನ ತಾಲೀಮಿನಲ್ಲಿ ಹಾಕಲು ಒಂದು ಫೋಟೊ ಬೇಕಂತೆ. ಅಜ್ಜನ ಫೋಟೊದ ಪಕ್ಕದಲ್ಲಿ.

“ಇತ್ತ ಕೊಡ್ರಿ ಬಾಯಾರ. ಒಂದ್ ಘಳಿಗಿ ಹಿಡಕೊಂಡು ಕೊಡ್ತೀನಿ.”

ನಾನು ಕತ್ತಿಯನ್ನು ಅವರ ಕಾಲ ಮುಂದೆ ನೆಲದ ಮೇಲೆ ಇಟ್ಟೆ. ಇಟ್ಟು ಹಿಂದೆ ಸರಿದು ನಿಂತೆ. ದೂರದಲ್ಲಿದ್ದ ಗುರುಗಳು ನಾನು ಪಾಠ ಹೇಳಿಕೊಡುತ್ತಿದ್ದೇನೆ ಎಂದು ತಿಳಿದು, ಸರಿ ಎಂದು ತಲೆಯಾಡಿಸಿದರು. ನಾನು ಮಾಡಿದ್ದು ಏನೆಂದು ಬಾಳಾಸಾಹೇಬರಿಗೆ ಕೂಡಲೇ ತಿಳಿಯಿತು. ಅವರ ಮುಖದ ಬಣ್ಣ ಇಳಿಯಿತು. ಇಷ್ಟು ದಿನ ಬಾಯಿ ತುಂಬ ರೀ ಅಂದವರು ಮೊದಲ ಸಲ ಏಕವಚನಕ್ಕೆ ಇಳಿದರು.

“ಕೈಯಾಗ ಕೊಡಾಕ ಬರೂದಿಲ್ಲೇನು ನಿನಗ?”

“ಬರ್ತೈತ್ರಿ. ನಮ್ಮಪ್ಪಗ ನಿಮ್ಮ ತಾಲೀಮಿನ್ಯಾಗ ಯಾರೂ ಕೈಯಾಗ ಕೊಡಲಿಲ್ಲ.”

ನನಗೆ ಗೆದ್ದೆ ಅನ್ನಿಸಲಿಲ್ಲ. ಒಳ್ಳೆಯ ಕತ್ತಿಯನ್ನು ಆ ಕೆಲಸಕ್ಕೆ ಬಳಸಬೇಕಾಯಿತಲ್ಲ ಎಂದು ಇನ್ನೂ ಸಿಟ್ಟು ಬಂತು. ಬಾಳಾಸಾಹೇಬರು ಕತ್ತಿಯನ್ನೇ ನೋಡುತ್ತ ನಿಂತರು. ಬಗ್ಗಿದರೆ ನನ್ನ ಮುಂದೆ ಬಗ್ಗಿದಂತೆ, ಬಗ್ಗದಿದ್ದರೆ ಕತ್ತಿ ಇಲ್ಲ. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟಿದ್ದ ಚಾಂಗ್ ಒಂದು, ಎರಡು, ಮೂರು ಎಂದು ಫೋಟೊ ಹೊಡೆದ.

ಆ ಫೋಟೊದ ಒಂದು ಪ್ರತಿ ನನಗೂ ಬಂದಿದೆ, ನಮ್ಮ ಮನೆಯ ಗೋಡೆಯ ಮೇಲಿದೆ. ಬಾಳಾಸಾಹೇಬರು ಬರಿಗೈಯಲ್ಲಿ ಕೆಳಗೆ ನೋಡುತ್ತಿದ್ದಾರೆ, ನಾನು ಕ್ಯಾಮೆರಾ ನೋಡುತ್ತಿದ್ದೇನೆ, ಕತ್ತಿ ನಮ್ಮಿಬ್ಬರ ನಡುವೆ ನೆಲದ ಮೇಲಿದೆ. ತಾಲೀಮಿನವರು ಅದನ್ನು ಹಾಕಿಕೊಳ್ಳಲಿಲ್ಲ.